ಸ್ಟ್ಯಾಂಡಿಗೆ ಇನ್ನೊಬ್ಬರು ಕಮ್ಮಿ

ನನ್ನ ಗಂಡ ಯಾವ ವಿಷಯದಲ್ಲೂ ಕೊನೆಗೆ ಮಾತಾಡಿದವರ ಪಕ್ಷ. ಈ ಸಲ ಕೊನೆಗೆ ಮಾತಾಡಿದ್ದು ಅಂಗಡಿಯವನು. ಹಾಗಾಗಿ ಐದಡಿ ಉದ್ದದ ಮೀನಿನ ತೊಟ್ಟಿ, ಅದಕ್ಕೊಂದು ರೆಡಿಮೇಡ್ ಸ್ಟ್ಯಾಂಡು ಮನೆಗೆ ಬಂದವು. ತರಿಸಿದ್ದು ಅತ್ತೆಗಾಗಿ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡವರು, ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಮೂಳೆ ಕೂಡಿದೆ, ಇನ್ನು ನಡೆಸಿ ಎಂದಿದ್ದರು ಡಾಕ್ಟರು. ಅತ್ತೆ ಈ ಕಡೆ ತಿರುಗಲೂ ಒಲ್ಲರು. ಮಂಚದ ಪಕ್ಕ ನಿಂತಿದ್ದ ವಾಕರಿನ ಮೇಲೆ ನಾವು ಟವೆಲ್ ಒಣಹಾಕುತ್ತಿದ್ದೆವು.

"ಮೀನು ಓಡಾಡೋದು ಕಂಡ್ರೆ ಅಮ್ಮ ತಿರುಗ್ತಾಳೆ" ಎಂದರು ಇವರು. ಅದಕ್ಕೆ ನಾನು ಅಡ್ಡ ಬರಲಿಲ್ಲ.

ಆದರೆ ಮಲಗಿದವರಿಗೆ ಕಾಣಬೇಕಾದರೆ ತೊಟ್ಟಿ ಮಂಚದ ಪಕ್ಕದಲ್ಲೇ ಇರಬೇಕು. ಪಕ್ಕದಲ್ಲಿದ್ದು ಸ್ಟ್ಯಾಂಡು ಮುರಿದರೆ ಎಲ್ಲವೂ ಅತ್ತೆಯ ಮೇಲೇ. ನಾನು ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ಜೋಡಿಸುವವಳು. ಮೇಲಿನ ಡಬ್ಬದ ಭಾರಕ್ಕೆ ಕೆಳಗಿನದು ಹೇಗೆ ಮೂಲೆಯಿಂದ ಕುಸಿಯುತ್ತದೆ ಎಂದು ದಿನಾ ನೋಡುತ್ತೇನೆ. ಈ ಸ್ಟ್ಯಾಂಡು ಮರದ ಹೊಟ್ಟು ಒತ್ತಿ ಮಾಡಿದ ಹಲಗೆಯದು, ಮೇಲೆ ತೇಗದ ಬಣ್ಣದ ಕಾಗದ ಅಂಟಿಸಿದ್ದರು. ಜೋಡಿಸಿ ಮುಗಿಸಿದಾಗ ಒಂದು ಸ್ಕ್ರೂ ಬೇರೆ ಉಳಿಯಿತು. ಅಂಗಡಿಗೆ ಫೋನ್ ಮಾಡಿದೆ.

"ಏನೂ ಆಗಲ್ಲ ಮೇಡಂ. ಎಲ್ಲರೂ ಇದನ್ನೇ ತಗೊಂಡ್ಹೋಗೋದು."

"ಎಷ್ಟು ಕಿಲೋ ತಡೆಯುತ್ತೆ?"

"ತೊಟ್ಟಿ ತಡೆಯುತ್ತೆ."

"ಮತ್ತೆ ಈ ಉಳಿದಿರೋ ಸ್ಕ್ರೂ?"

"ಅದು ಎಕ್ಸ್‌ಟ್ರಾ ಕೊಟ್ಟಿರೋದು. ಇಲ್ಲಾಂದ್ರೆ ಎಲ್ಲೋ ಹಾಕೋದಿತ್ತು."

ನನಗೆ ಮೈಯೆಲ್ಲ ಉರಿದುಹೋಯಿತು. ಮೇಲಿನ ಮನೆಯ ಬೇಕರಿಯಣ್ಣ ಇಳಿದು ಬಂದು ಹಲಗೆ ತಟ್ಟಿ ನೋಡಿದ. ಭಾರಕ್ಕೆ ಹೆದರಬೇಕಿಲ್ಲ, ತೇವಕ್ಕೆ ಹೆದರಬೇಕು, ನೀರು ತಾಗಿದರೆ ಇದು ಚಹಾದಲ್ಲಿ ಅದ್ದಿದ ರಸ್ಕಿನಂತೆ ಉಬ್ಬುತ್ತದೆ ಎಂದ. ಇವರು ತಕ್ಷಣ ತೇವಕ್ಕೆ ಹೆದರಿದರು. ಲಿಫ್ಟ್ ರಿಪೇರಿ ಮಾಡುವ ನನ್ನ ಅಣ್ಣ ಬಂದವನೇ, ತೇವವಲ್ಲ, ನೆಲ ಸಮ ಇದೆಯೇ ನೋಡಬೇಕು ಎಂದ. ಇವರು ತೇವವನ್ನು ಮರೆತು ನೆಲಕ್ಕೆ ಹೆದರಿದರು. ಗಡಿಯಾರದ ಸೆಲ್ ಒಂದನ್ನು ತೆಗೆದು ಸ್ಟ್ಯಾಂಡಿನ ಮೇಲಿಟ್ಟರೆ ಅದು ಸೀದಾ ಅತ್ತೆಯ ಮಂಚದ ಕಡೆಗೇ ಉರುಳಿತು. ಒಂದು ಕಾಲಿನಡಿ ರಟ್ಟು ಮಡಿಸಿ ತುರುಕಿದ ಮೇಲೆ ಗೋಡೆಯ ಕಡೆಗೆ ಉರುಳಿತು.

"ಈಗ ತಡೆಯುತ್ತಾ ಇಲ್ವಾ, ಒಂದು ಮಾತಲ್ಲಿ ಹೇಳೋ" ಎಂದೆ.

"ಲಿಫ್ಟಾದ್ರೆ ತೂಕದ ಕಬ್ಬಿಣ ತುಂಬಿಸಿ ನೋಡ್ತೀವಿ" ಎಂದ ಅಣ್ಣ. "ಇಲ್ಲಿ ಕಬ್ಬಿಣ ಎಲ್ಲಿಂದ ತರೋದು? ನಾವೇ ಕೂತ್ಕೊಳ್ಳೋಣ ಬನ್ನಿ ಭಾವ."

ಸ್ಟ್ಯಾಂಡು ಮೊಣಕಾಲಿಗಿಂತ ಕೊಂಚ ಎತ್ತರ. ಮೊದಲು ಇವರು ಕೂತರು, ಆಮೇಲೆ ಅಣ್ಣ. ಬೇಕರಿಯಣ್ಣ ಉಸಿರು ಬಿಗಿಹಿಡಿದು ಕೂತ, ಉಸಿರಿಗೂ ತೂಕ ಇದೆಯೇನೋ ಎಂಬಂತೆ. ಮೂವರೂ ಒತ್ತಿಕೊಂಡು ನನ್ನತ್ತ ನೋಡಿದರು. ನನ್ನ ತೂಕವನ್ನು ಹೀಗೆ ಸಾರ್ವಜನಿಕವಾಗಿ ಕೇಳಿದ್ದು ಇದೇ ಮೊದಲು. ತುದಿಯಲ್ಲಿ ಅರ್ಧ ಕೂತೆ.

ಆಗ ಕಿರ್ ಎಂದಿತು.

"ನನ್ನ ಕಡೆ ಅಲ್ಲ" ಎಂದ ಬೇಕರಿಯಣ್ಣ. "ಸ್ಕ್ರೂ, ಆ ಸ್ಕ್ರೂನೇ" ಎಂದರು ಇವರು. ಏಳುವುದಕ್ಕೆ ಯಾರಿಗೂ ಧೈರ್ಯವಿಲ್ಲ, ಕೂರುವುದಕ್ಕೂ ಇಲ್ಲ. ಮತ್ತೊಮ್ಮೆ ಕಿರ್ ಎಂದಿತು.

"ಏನ್ರೋ ಇದು? ಸಾಲಾಗಿ ಕೂತು ಬಸ್ಸಿಗೆ ಕಾಯ್ತಿದ್ದೀರಾ?"

ಕಿರ್ ಎಂದದ್ದು ಮಂಚ. ಅತ್ತೆ ಈ ಕಡೆ ತಿರುಗಿದ್ದರು. ಎಷ್ಟೋ ದಿನಗಳಿಂದ ಅವರ ಜಡೆಯನ್ನಷ್ಟೇ ನೋಡುತ್ತಿದ್ದವಳಿಗೆ ಅವರ ಮುಖ ಹೊಸದಾಗಿ ಕಂಡಿತು. ಅರ್ಧ ಇಳಿದಿತ್ತು.

"ತೊಟ್ಟಿ ಭಾರ ತಡೆಯುತ್ತಾ ನೋಡ್ತಿದ್ದೀವಿ ಅಮ್ಮ" ಎಂದರು ಇವರು.

"ತಡೀತಾ?"

"ನೀರಿನ ಭಾರಕ್ಕೆ ಹತ್ತಿರ ಬಂದಿದ್ದೀವಿ ಅಂದ್ಕೋತೀನಿ" ಎಂದ ಅಣ್ಣ. "ಗಾಜು, ಕಲ್ಲು ಅಂತ ಇನ್ನೂ ಇದ್ಯಲ್ಲ, ಅದಕ್ಕೆ ಇನ್ನೊಬ್ಬರು ಕಮ್ಮಿ. ಅಲ್ದೆ ನಾವು ಎದ್ದು ಹೋಗ್ತೀವಿ, ನೀರು ಎದ್ದು ಹೋಗಲ್ಲ."

ಅತ್ತೆ ಮತ್ತೆ ಗೋಡೆಯ ಕಡೆ ತಿರುಗಿದರು. ತೊಟ್ಟಿ ತುಂಬಿಸಿದರೆ ಅವರ ಜೀವಕ್ಕೆ ಅಪಾಯ, ತುಂಬಿಸದಿದ್ದರೆ ಅವರು ಆ ಗೋಡೆಯನ್ನೇ ನೋಡುತ್ತ ಸವೆದುಹೋಗುತ್ತಾರೆ. ರಾತ್ರಿ ಊಟಕ್ಕೆ ಕೂತಾಗ ಏನು ಮಾಡೋಣ ಎಂದು ಇವರನ್ನು ಕೇಳಿದೆ. "ನೀನೇ ಹೇಳು" ಎಂದರು. ತೊಟ್ಟಿ ರಟ್ಟಿನ ಡಬ್ಬದಲ್ಲೇ ಉಳಿಯಿತು.

ಮರುದಿನವಿಡೀ ಆಫೀಸಿನಲ್ಲಿ ನನ್ನ ಮನಸ್ಸು ಕೆಲಸದಲ್ಲಿರಲಿಲ್ಲ. ಒಡೆಯುವ ಸಾಮಾನಿನ ಮೇಲೆ ಅಕ್ಕಿಯ ಮೂಟೆ ಇಟ್ಟು ಮ್ಯಾನೇಜರಿಂದ ಬೈಸಿಕೊಂಡೆ. ಸಂಜೆ ಬಾಗಿಲು ತೆಗೆದರೆ ಟವೆಲ್ ನೆಲದಲ್ಲಿ ಬಿದ್ದಿತ್ತು. ಮಂಚದಲ್ಲಿ ಅತ್ತೆ ಇರಲಿಲ್ಲ.

ಅವರು ಸ್ಟ್ಯಾಂಡಿನ ಮೇಲೆ ಕೂತಿದ್ದರು. ಎದುರಿಗಿದ್ದ ವಾಕರನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಹಣೆಯಲ್ಲಿ ಬೆವರು, ಕಾಲು ನಡುಗುತ್ತಿತ್ತು.

"ಕಮ್ಮಿ ಬಿದ್ದಿದ್ರಲ್ಲ ಒಬ್ಬರು" ಎಂದರು. "ನೋಡು, ತಡ್ಕೊಂಡಿದೆ."

ಬೈಯಬೇಕೋ ತಬ್ಬಿಕೊಳ್ಳಬೇಕೋ ಗೊತ್ತಾಗಲಿಲ್ಲ. ಬಾಯಿಗೆ ಬಂದದ್ದು ಮಾತ್ರ ಲೆಕ್ಕ. "ನೀವೊಬ್ಬರೇ ಕೂತ್ರೆ ಲೆಕ್ಕಕ್ಕೆ ಬರಲ್ಲ ಅತ್ತೆ. ಎಲ್ಲರೂ ಒಟ್ಟಿಗೆ ಕೂರಬೇಕು."

ಅತ್ತೆ ಸೆರಗಿನ ತುದಿಯಿಂದ ಹಣೆ ಒರೆಸಿಕೊಂಡರು.

"ಹಾಗಾದ್ರೆ ಎಲ್ಲರನ್ನೂ ಕರಿ" ಎಂದರು. "ಅಲ್ಲೀವರೆಗೂ ಕೂತಿರ್ತೀನಿ."