ಅಮ್ಮನವರ ಕಲ್ಲು

ತೊಂಬತ್ತೆಂಟನೇ ಇಸವಿಯ ಮಾಘ ಮಾಸ, ಬೆಳಿಗ್ಗೆ ಏಳರ ಹೊತ್ತು. ರಾಯಲ್ಪಾಡಿನ ಮುರಳೀಕೃಷ್ಣ ವಿಗ್ರಹ ಕೆತ್ತುವುದನ್ನು ಕಲಿಯಲು ಶಿವಾರಪಟ್ಟಣದ ನಮ್ಮ ಕಲ್ಲುಕೆಲಸದ ಚಪ್ಪರಕ್ಕೆ ಬಂದ. ಅವನಿಗೆ ಇಪ್ಪತ್ತಾರು. ನಮ್ಮಣ್ಣ ತೀರಿಕೊಂಡು ಆಗ ಆರು ವರ್ಷ. ಕೆಲಸ ನಡೆಸುತ್ತಿದ್ದವರು ಅಣ್ಣನ ಹೆಂಡತಿ, ನನ್ನ ಅತ್ತಿಗೆ ವೆಂಕಟರತ್ನಮ್ಮ. ಅವರಿಗೆ ಮೂವತ್ತೊಂಬತ್ತು.

ವಿಗ್ರಹದ ಕಲ್ಲನ್ನು ತಟ್ಟಿ, ನಾದ ಕೇಳಿ ಆರಿಸಬೇಕು. ಗಂಟೆಯ ಹಾಗೆ ನುಡಿದರೆ ಒಳ್ಳೆಯದು. ಒಂದು ಕಡೆ ಮಂಕಾಗಿ ಕೇಳಿದರೂ ಒಳಗೆ ಬಿರುಕಿದೆ ಅಂತಲೇ. ಅತ್ತಿಗೆಗಿದ್ದಂಥ ಕಿವಿ ಊರಿನಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ನನಗೆ ಕಲಿಸಿದವರೂ ಅವರೇ. ಮುರಳಿಯ ಕೈ ಚುರುಕು, ಕಿವಿ ಇನ್ನೂ ಪಳಗಿರಲಿಲ್ಲ.

ಮೊದಲು ಅವನು ಅತ್ತಿಗೆಯನ್ನು ಅಕ್ಕಯ್ಯ ಎನ್ನುತ್ತಿದ್ದ. ಎರಡನೆಯ ವರ್ಷ ಅದು ನಿಂತಿತು. ಬೇರೆ ಏನೂ ಕರೆಯಲಿಲ್ಲ, ಹತ್ತಿರ ಬಂದು ನಿಂತು ಮಾತಾಡುತ್ತಿದ್ದ. ನನ್ನ ತಾಯಿ ದೊಡ್ಡಗಂಗಮ್ಮನಿಗೆ ಅಷ್ಟೇ ಸಾಕಾಯಿತು.

"ನೀನು ಎತ್ತಾಡಿಸೋ ಹುಡುಗ ಕಣೇ ಅವ್ನು" ಎಂದಳು.

"ಎತ್ತಾಡಿಸ್ಲಿಲ್ವಲ್ಲ ಅತ್ತೆ. ಉಳಿ ಹಿಡಿಯೋದು ಕಲಿಸ್ದೆ" ಎಂದರು ಅತ್ತಿಗೆ. ಮದುವೆಯಾಗುತ್ತೇವೆ ಎಂದೂ ಆಗಲೇ ಹೇಳಿಬಿಟ್ಟರು.

ಮುಳಬಾಗಿಲು ಕಡೆಯ ಒಂದು ಊರಿನವರು ಅಮ್ಮನವರ ವಿಗ್ರಹ ಬೇಕೆಂದಿದ್ದರು. ತಾಯಿ ಅದನ್ನೇ ಹಿಡಿದುಕೊಂಡಳು. ಮುರಳಿ ಒಬ್ಬನೇ ಕೆತ್ತಲಿ. ಭಿನ್ನವಾಗದೆ ಮುಗಿದರೆ ಅಮ್ಮನವರು ಒಪ್ಪಿದ ಹಾಗೆ, ಮದುವೆಗೆ ತಾನೇ ಮುಂದೆ ನಿಲ್ಲುತ್ತೇನೆ ಎಂದಳು. ಒಡೆದರೆ ಅವನು ಊರು ಬಿಡಬೇಕು. ಗಂಡ ಸತ್ತವಳು ಆ ಕಲ್ಲನ್ನು ಮುಟ್ಟಕೂಡದು. ಇಬ್ಬರೂ ಒಪ್ಪಿದರು.

ಹಾಗಾಗಿ ಕಲ್ಲು ಆರಿಸಲು ಅವನ ಜೊತೆ ಹೋದವನು ನಾನು. ಅವನು ಮೆಚ್ಚಿದ ಕಲ್ಲನ್ನು ನಾನೂ ತಟ್ಟಿದೆ. ಮೇಲೆ, ಕತ್ತು ಬರುವ ಜಾಗದಲ್ಲಿ, ನಾದ ಮಂಕಾಯಿತು.

"ಅಪ್ಪಾಜಣ್ಣ, ಸರಿಗೈತಾ?" ಎಂದು ಕೇಳಿದ.

ಅತ್ತಿಗೆ ನಮ್ಮ ಮನೆ ಬಿಟ್ಟು ಹೋಗುವುದು ನನಗೆ ಬೇಕಿರಲಿಲ್ಲ. ಸರಿಗಿದೆ ಎಂದೆ.

ಐದು ತಿಂಗಳು ಕೆತ್ತಿದ. ಅಷ್ಟೂ ದಿನ ಅತ್ತಿಗೆ ಹತ್ತು ಮಾರು ದೂರದಲ್ಲಿ ಬೆನ್ನು ತಿರುಗಿಸಿ ಕೂತು ಬೇರೆ ವಿಗ್ರಹಗಳನ್ನು ಉಜ್ಜಿದರು. ಅವನು ಕೆತ್ತಿದ ಅಮ್ಮನವರ ಮುಖದಂಥದ್ದು ನಮ್ಮ ಚಪ್ಪರದಲ್ಲಿ ಹಿಂದೆ ಮೂಡಿರಲಿಲ್ಲ. ಪ್ರತಿಷ್ಠೆಯ ಭಾನುವಾರ, ಆ ಊರಿನ ಗುಡಿಯಲ್ಲಿ ಜನರೆಲ್ಲ ಕೈಮುಗಿದು ನಿಂತಿರುವಾಗ, ಮುರಳಿ ವಿಗ್ರಹದ ಕಣ್ಣು ತೆರೆಯಲು ಸಣ್ಣ ಉಳಿಗೆ ಏಟು ಹಾಕಿದ. ಬಲಗಿವಿಯಿಂದ ಕತ್ತಿನವರೆಗೆ ಕಲ್ಲು ಸೀಳಿತು. ಯಾರೂ ಬೈಯಲಿಲ್ಲ. ಪೂಜಾರಿ ಬಿಳಿ ಬಟ್ಟೆ ತಂದು ಹೊದಿಸಿದರು.

ಮಾರನೆಯ ದಿನ ಅತ್ತಿಗೆ ತಾನೂ ಬರುತ್ತೇನೆ ಎಂದು ಬಟ್ಟೆಗಂಟು ಕಟ್ಟಿಕೊಂಡರು. ಮುರಳಿ ತಲೆ ಎತ್ತಲಿಲ್ಲ.

"ನನ್ ಕೈಯಲ್ಲಿ ಅಮ್ಮೋರೇ ಒಡೆದೋದ್ರು. ನೀವು ಬರಬೇಡಿ" ಎಂದು ಒಬ್ಬನೇ ಹೊರಟ.

ವಿಗ್ರಹವನ್ನು ಬುಧವಾರ ಗಾಡಿಯಲ್ಲಿ ವಾಪಸ್ಸು ತಂದು ಇಳಿಸಿದರು. ಅತ್ತಿಗೆ ಬಟ್ಟೆ ಸರಿಸಿ, ಸೀಳಿನ ಎರಡೂ ಬದಿ ಬೆರಳಾಡಿಸಿದರು. ಒಳಗೆಲ್ಲ ಹಳೆಯ ಕೆಮ್ಮಣ್ಣು ಕೂತಿತ್ತು, ಬಿರುಕು ಹೊಸದಲ್ಲ.

"ಇದು ನಿನಗೆ ಕೇಳಿಸಿತ್ತಾ, ಅಪ್ಪಾಜಪ್ಪ?"

"ಕೇಳಿಸಿತ್ತು ಅತ್ತಿಗೆ."

ಅತ್ತಿಗೆ ಗುರುವಾರ ರಾಯಲ್ಪಾಡಿಗೆ ಹೋಗಿ ವಿಚಾರಿಸಿದರು. ಮುರಳಿ ಮನೆಗೆ ಬಂದೇ ಇರಲಿಲ್ಲ. ಆಂಧ್ರದ ಕಡೆ ಹೋಗುವ ಲಾರಿ ಹತ್ತಿದ್ದನ್ನು ಯಾರೋ ಕಂಡಿದ್ದರಂತೆ. ಯಾವ ಊರಿಗೆ ಎಂದು ತಿಳಿಯದು. ಸಂಜೆ ವಾಪಸ್ಸು ಬಂದು, ನನ್ನ ತಾಯಿಗೆ ಎಲ್ಲವನ್ನೂ ಹೇಳಿದರು. ತಾಯಿ ನನ್ನ ಕಡೆ ನೋಡಲಿಲ್ಲ, ಇರು ಎಂದು ಅವರಿಗೂ ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಅತ್ತಿಗೆ ಅದೇ ಬಟ್ಟೆಗಂಟು ಹಿಡಿದು ಮನೆ ಬಿಟ್ಟು ಹೋದರು.