ಗುಡ್ಡದ ಮೇಲಿನ ಬೀಗ

೧೯೭೪ರಲ್ಲಿ ಸರ್ವೆ ಕೆಲಸಕ್ಕೆಂದು ನಾನು ಜೋಗಿಮಟ್ಟಿಯ ಗುಡ್ಡದಲ್ಲಿ ಒಬ್ಬನೇ ಗುಡಾರ ಹಾಕಿದ್ದೆ. ಅಲ್ಲೇ ಕುರಿ ಮೇಯಿಸುತ್ತಿದ್ದ ಹುಚ್ಚಕ್ಕ ಮೊದಲ ದಿನವೇ ತನ್ನ ಕಂಬಳಿ, ಗಡಿಗೆಗಳನ್ನು ಮರದ ಬುಡದಲ್ಲಿಟ್ಟು, "ಸ್ವಾಮಿ, ಸಾಮಾನು ಇಲ್ಲೈತೆ, ಸ್ವಲ್ಪ ನೋಡ್ಕಳ್ರಿ" ಎಂದು ಕೂಗಿ ಕುರಿಗಳ ಹಿಂದೆ ಹೋದಳು. ಆ ಕಡೆಯ ಕುರಿಗಾರರು ಹಾಗೆಯೇ, ಕಣ್ಣಿಗೆ ಬಿದ್ದವರಿಗೆ ಒಪ್ಪಿಸಿ ನಡೆದುಬಿಡುತ್ತಾರೆ. ನಾನೇನು ಇವಳ ಕಾವಲುಗಾರನೇ ಎಂದು ರೇಗಿಹೋಯಿತು. ಆದರೂ ಸಂಜೆಯವರೆಗೆ ನನ್ನ ಕಣ್ಣು ಆ ಗಡಿಗೆಗಳ ಮೇಲೇ ಇತ್ತು.

ಮರುದಿನದಿಂದ ನಾನು ಕೆಲಸಕ್ಕೆ ಹೊರಡುವಾಗ ಪೆಟ್ರೋಮ್ಯಾಕ್ಸು, ಸ್ಟೌವು, ಪಾತ್ರೆಗಳನ್ನು ಟ್ರಂಕಿಗೆ ತುಂಬಿ, ಟ್ರಂಕನ್ನು ಸರಪಳಿಯಿಂದ ಮರಕ್ಕೆ ಬಿಗಿದು, ಬೀಗ ಹಾಕಿ ಎರಡೆರಡು ಸಲ ಜಗ್ಗಿ ನೋಡುತ್ತಿದ್ದೆ. ಹುಚ್ಚಕ್ಕ ಎದುರಿಗೇ ಕೂತಿರುತ್ತಿದ್ದಳು. ಅವಳಿಗೆ ಒಂದು ಮಾತೂ ಹೇಳಿ ಹೋಗುತ್ತಿರಲಿಲ್ಲ.

ನಾಲ್ಕನೆಯ ದಿನ ಹಿಂದಿರುಗಿದಾಗ ಸರಪಳಿ ತುಂಡಾಗಿ ಬಿದ್ದಿತ್ತು. ಟ್ರಂಕ್ ಇರಲಿಲ್ಲ.

"ಪ್ಯಾಂಟು ಹಾಕ್ಕಂಡಿದ್ದ ಇಬ್ರು ಬಂದು ಗರಗಸದಾಗೆ ಕುಯ್ದು ಹೊತ್ಕಂಡೋದ್ರು. ನಿಮ್ಮ ಆಫೀಸಿನೋರು, ಬೀಗದ ಕೈ ಕಳ್ದೈತೇನೋ ಅಂದ್ಕಂಡೆ" ಎಂದಳು ಹುಚ್ಚಕ್ಕ.

"ನೋಡ್ತಾ ಕೂತಿದ್ಯಲ್ಲ, ಕೇಳೋಕೆ ಬಾಯಿರಲಿಲ್ವಾ?" ಎಂದು ಕಿರುಚಿದೆ.

ಅವಳಿಗೂ ಸಿಟ್ಟು ಬಂತು. "ನೋಡ್ಕ ಅಂತ ಒಂದಿನನಾದ್ರೂ ಹೇಳಿದ್ರಾ? ಹೇಳಿದ್ರೆ ಪ್ರಾಣ ಹೋದ್ರೂ ಬಿಡ್ತಿರ್ಲಿಲ್ಲ. ಅಲ್ಲ ಸ್ವಾಮಿ, ಈ ಗುಡ್ಡದಾಗೆ ದಿನಾ ಇರೋಳು ನಾನೊಬ್ಬಳೇ. ಆ ಬೀಗ ಯಾರಿಗೆ ಅಂತ ಹಾಕಿದ್ರಿ?"