ಕುಲದ ಹೆಣಕ್ಕೆ ಹಾಕಿದ ಅಂಗಿ

"ಆ ಅಂಗಿ ಬಿಚ್ಚಿಸು ಕೊಶಿನ್. ಇಲ್ಲಾಂದ್ರೆ ನಮ್ಮೋರು ಯಾರೂ ಹೆಣಕ್ಕೆ ಹೆಗಲು ಕೊಡಲ್ಲ," ಎಂದು ಹಿರ್ಸಿ ದೊಡ್ಡಪ್ಪ ಕೋಲನ್ನು ನೆಲಕ್ಕೆ ಕುಟ್ಟಿದರು.

ಹೆಣವೇನೂ ನಿಜವಾದ ಹೆಣವಲ್ಲ, ಒಣಹುಲ್ಲು ತುರುಕಿದ ಬೊಂಬೆ. ರಾಜಧಾನಿ ಮೊಗದಿಶುವಿನಲ್ಲಿ ಸೈನ್ಯದವರು ಅಧಿಕಾರ ಹಿಡಿದು ಎರಡು ವರ್ಷವಾಗಿತ್ತು. ಸೋಮಾಲಿಗಳನ್ನು ಹಾಳುಮಾಡಿದ್ದೇ ಕುಲ, ಅದನ್ನು ಊರೂರಲ್ಲೂ ಬೊಂಬೆ ಮಾಡಿ ಹೂಳಿಬಿಡಿ, ಇನ್ನು ಮೇಲೆ ಯಾರೂ ಯಾರ ಕುಲವನ್ನೂ ಕೇಳಕೂಡದು ಎಂದು ಅಪ್ಪಣೆಯಾಗಿತ್ತು. ಈ ಊರಲ್ಲಿ ಆ ಕೆಲಸ ಶಾಲೆಯ ಹೆಡ್‌ಮಾಸ್ತರ ಕೊಶಿನ್‌ನ ತಲೆಗೆ ಬಿತ್ತು. ಅವನು ಸಂತೋಷದಿಂದಲೇ ಒಪ್ಪಿಕೊಂಡ. ಬಾವಿಯ ಸರದಿಗಾಗಿ ಎರಡು ಕುಲಗಳು ಬಡಿದಾಡಿದಾಗ ತಮ್ಮನನ್ನು ಕಳೆದುಕೊಂಡವನು ಅವನು. ಈ ಪೀಡೆ ತೊಲಗುವುದಾದರೆ ತಾನೇ ಗುಂಡಿ ತೋಡಲೂ ಸಿದ್ಧನಿದ್ದ.

ಬೊಂಬೆ ಹೊಲಿದವಳು ಅವನ ಮಗಳು ಇದಿಲ್. ಹೋದ ವಾರವಷ್ಟೇ ಅವಳು, ಅದೇ ಶಾಲೆಯ ಮೇಷ್ಟರು ದಿರಿಯೆಯನ್ನು ಮದುವೆಯಾಗುತ್ತೇನೆ ಎಂದು ಬಾಯಿಬಿಟ್ಟು ಹೇಳಿದ್ದಳು. ದಿರಿಯೆಯ ಅಪ್ಪ ಅಜ್ಜ ಎಲ್ಲ ಕುಲುಮೆಯಲ್ಲಿ ಕಬ್ಬಿಣ ಬಡಿದವರು. ಅವರಿಗೆ ಹೆಣ್ಣು ಕೊಡುವ ಮಾತಿರಲಿ, ಅವರ ಮನೆಯಲ್ಲಿ ಚಹಾ ಕುಡಿಯಲೂ ಜನ ಹಿಂದೆಮುಂದೆ ನೋಡುತ್ತಿದ್ದರು. "ಕುಲದ ಹೆಣ ಮಣ್ಣಾಗಲಿ, ಆಮೇಲೆ ಮಾತಾಡೋಣ," ಎಂದಿದ್ದ ಕೊಶಿನ್. ಅವಳು ಅದನ್ನೇ ನಂಬಿಕೊಂಡು, ಹಾಡಿಕೊಂಡು ಹೊಲಿದಳು. ಕೈಗೆ ಸಿಕ್ಕಿದ ಅಪ್ಪನ ಹಳೇ ನೀಲಿ ಗೆರೆಯ ಅಂಗಿ ತೊಡಿಸಿದ್ದೇ ತಪ್ಪಾಯಿತು.

"ದೊಡ್ಡಪ್ಪಾ, ಅಂಗಿಗೆ ಯಾವ ಕುಲ?"

"ಅದು ನಿನ್ನ ಅಂಗಿ ಅಂತ ಊರಿಗೆಲ್ಲ ಗೊತ್ತು. ಅದನ್ನ ಹಾಕಿ ಹೂತ್ರೆ ನಮ್ಮ ಕುಲಾನೇ ಹೂತಂಗೆ. ಅವರದ್ದು ಮಾತ್ರ ಮೇಲೆ ಉಳೀತದೆ."

ಎದುರು ಕುಲದ ಹಿರಿಯ ಶಿರೆ, ಗೋರಂಟಿ ಹಚ್ಚಿದ ಗಡ್ಡ ಸವರಿಕೊಂಡ. "ಇರಲಿ ಬಿಡಿ ಮೇಷ್ಟ್ರೇ. ಅಂಗಿ ಒಪ್ತಾ ಇದೆ. ಅಳತೇನೂ ಸರಿಯಾಗಿದೆ."

"ಹಂಗಾದ್ರೆ ನಿಮ್ಮ ರುಮಾಲೂ ಕೊಡಿ. ತಲೆಗೆ ಸುತ್ತೋಣ," ಎಂದ ಕೊಶಿನ್.

ಶಿರೆಯ ನಗು ನಿಂತಿತು. ಇದು ಹೊಸದು, ಹಜ್‌ಗೆ ಹೋದವರು ತಂದುಕೊಟ್ಟಿದ್ದು ಎಂದೆಲ್ಲ ರಾಗ ಎಳೆದು, ಕೊನೆಗೆ ಮನೆಯಿಂದ ತೂತು ಬಿದ್ದದ್ದೊಂದನ್ನು ತರಿಸಿದ. ಎರಡು ಕಡೆಯವರಿಗೂ ಸಮನಾಗಿ ಅವಮಾನವಾದ ಮೇಲೆ ಹೆಣ ಹೆಗಲೇರಿತು.

ಆದರೆ ಹೂಳುವುದೆಲ್ಲಿ? ಬಡಗಲು ಹಿರ್ಸಿಯ ಕಡೆಯವರು ಆಡು ಮೇಯಿಸುವ ನೆಲ, ತೆಂಕಲು ಶಿರೆಯ ಕಡೆಯವರ ಒಂಟೆಗಳ ಬಾವಿ. ಇಂಥ ಅನಿಷ್ಟವನ್ನು ಯಾರೂ ತಮ್ಮ ಕಡೆ ಇಟ್ಟುಕೊಳ್ಳಲು ಒಪ್ಪಲಿಲ್ಲ. ಭಾಷಣ ಮಾಡಲು ಬಂದಿದ್ದ ಅಧಿಕಾರಿ ಕಾದು ಕಾದು, ಹೂಳುವುದಕ್ಕೆ ಮುಂಚೆಯೇ ಭಾಷಣ ಮುಗಿಸಿ ಜೀಪು ಹತ್ತಿದ. ಕೊಶಿನ್‌ಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇವರೆಲ್ಲ ಮನುಷ್ಯರೇನು? ಬದುಕಿದ್ದಾಗ ಕಿತ್ತಾಡುವುದು ಸಾಲದೆ, ಹುಲ್ಲಿನ ಹೆಣಕ್ಕೂ ಕಿತ್ತಾಡಬೇಕೇ?

"ಶಾಲೆ ಹಿಂದೆ ಹೂಳ್ತೀನಿ. ಅದು ಸರ್ಕಾರದ ಜಾಗ. ಯಾರು ಗುದ್ದಲಿ ಹಿಡೀತೀರಿ?"

ಯಾರೂ ಅಲುಗಲಿಲ್ಲ. ದಿರಿಯೆ ಒಬ್ಬನೇ ಅಂಗಿಯ ತೋಳು ಮಡಚಿಕೊಂಡು ಬಂದ. ಕಲ್ಲುನೆಲವನ್ನು ಅವರಿಬ್ಬರೇ ಅಗೆದರು. ಕೊಶಿನ್‌ನ ಕೈಗೆ ಬೊಬ್ಬೆ ಬಂದಾಗ ದಿರಿಯೆ ಅವನ ಪಾಲಿನದ್ದನ್ನೂ ಅಗೆದ. ಬಂಗಾರದಂಥ ಹುಡುಗ ಎಂದುಕೊಂಡ ಕೊಶಿನ್. ಗುಂಡಿ ಮೊಣಕಾಲಷ್ಟೂ ಆಗಿರಲಿಲ್ಲ, ಹೊತ್ತು ಮುಳುಗುತ್ತ ಬಂತು. ಇಷ್ಟು ಸಾಕೆಂದು ಬೊಂಬೆಯನ್ನು ಮಲಗಿಸಿ ಮಣ್ಣೆಳೆದರು.

"ಸತ್ತೋನ ಕಡೆಯೋರು ಯಾರಪ್ಪ, ಸಮಾಧಾನ ಹೇಳೋಕೆ?" ಎಂದ ಶಿರೆ. ಜನ ನಗುತ್ತ ಎರಡು ಗುಂಪಾಗಿ, ಎರಡು ದಾರಿ ಹಿಡಿದು ಹೋದರು.

ಮೂವರೇ ಉಳಿದರು. "ಅಪ್ಪಾ, ಮಣ್ಣಾಯ್ತಲ್ಲ," ಎಂದಳು ಇದಿಲ್.

"ಆಯ್ತು ಕಣಮ್ಮ."

"ಮತ್ತೆ ನಮ್ಮ ಮಾತು?"

ಕೊಶಿನ್ ದಿರಿಯೆಯ ಮುಖ ನೋಡಲಿಲ್ಲ. "ಹುಡುಗ ಒಳ್ಳೆಯವನೇ. ಇಲ್ಲ ಅನ್ನಲ್ಲ. ಆದ್ರೆ ನಾಳೆ ನಿನ್ನ ಮಕ್ಕಳೂ ಊರ ಮಕ್ಕಳ ಹಾಗೆ ತಾತ ಮುತ್ತಾತಂದಿರ ಹೆಸರು ಬಾಯಿಪಾಠ ಮಾಡಬೇಕಲ್ಲ. ಯಾರ ಹೆಸರು ಹೇಳ್ತವೆ? ಕುಲುಮೆಯೋರದ್ದಾ?"

ಆಡಿದ ಮಾತು ತನ್ನ ಕಿವಿಗೇ ಬಿದ್ದು ಅವನಿಗೆ ನಾಚಿಕೆಯಾಯಿತು. ಆದರೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ದಿರಿಯೆ ಗುದ್ದಲಿಯ ಮಣ್ಣು ಒರೆಸಿ, ಗೋಡೆಗೆ ಒರಗಿಸಿ ಹೊರಟುಹೋದ.

ಗುಂಡಿಯ ಅಂಚಿನಲ್ಲಿ ನೀಲಿ ಗೆರೆಯ ತೋಳೊಂದು ಮಣ್ಣಿನಿಂದ ಹೊರಗೆ ಉಳಿದಿತ್ತು. ಕೊಶಿನ್ ಅದನ್ನು ಕಾಲಿನಿಂದ ಒಳಕ್ಕೆ ಒತ್ತಲು ಹೋದ. ಇದಿಲ್ ಅವನ ಕಾಲನ್ನು ಪಕ್ಕಕ್ಕೆ ಸರಿಸಿ, ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಮಣ್ಣು ಕೆದರತೊಡಗಿದಳು.

"ಏನೇ ಮಾಡ್ತಿದೀಯಾ?"

"ಅಂಗಿ ಇನ್ನೂ ಗಟ್ಟಿ ಇದೆ ಅಪ್ಪಾ," ಎಂದು ಅವಳು ತೋಳು ಹಿಡಿದು ಎಳೆದಳು. "ಒಗೆದು ಕೊಡ್ತೀನಿ, ನಾಳೆ ಹಾಕ್ಕೋ."